ದಣಿವಿಗೊಂದು ದಿನಚರಿ

ದಿನವಿಡೀ ಕೆಸರುಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿ ಬಂದವಳು, ಬಿಸಿನೀರು ಹಾಕಿಕೊಂಡು, ಉಂಡು, ಚಾಪೆಯ ಮೇಲೆ ಮೈಚಾಚಿದೊಡನೆ ಅವಳನ್ನು ಆವರಿಸುವ ದಣಿವನ್ನು ಯಾರೂ ರೋಗವೆಂದು ಕರೆಯಲಾರರು. ಅದು ದುಡಿದ ದೇಹದ ನ್ಯಾಯವಾದ ಬೇಡಿಕೆ, ಒಂದು ರಾತ್ರಿಯ ನಿದ್ರೆಯಿಂದ ತೀರಿಹೋಗತಕ್ಕದ್ದು. ಇದಕ್ಕಿಂತ ತೀರ ಬೇರೆಯಾದ ಇನ್ನೊಂದು ಆಯಾಸವುಂಟು. ಎಂಟು ತಾಸು ನಿದ್ರಿಸಿ ಎದ್ದರೂ ಮಲಗುವಾಗ ಇದ್ದ ಭಾರವೇ ಮೈಮೇಲೆ ಉಳಿದಿರುವುದು, ಒಗೆದ ಬಟ್ಟೆಯ ಬಕೆಟ್ಟನ್ನು ಮಹಡಿಗೆ ಒಯ್ಯುವಷ್ಟರಲ್ಲಿ ಕಾಲು ಸೋಲುವುದು, ವೃತ್ತಪತ್ರಿಕೆಯ ಅರ್ಧ ಪುಟ ಮುಗಿಯುವ ಮೊದಲೇ ಓದಿದ್ದು ಮನಸ್ಸಿನಿಂದ ಜಾರುವುದು, ಈ ಸ್ಥಿತಿ ವಾರಗಳನ್ನು ದಾಟಿ ತಿಂಗಳುಗಳಿಗೂ ತಿಂಗಳುಗಳನ್ನು ದಾಟಿ ವರ್ಷಗಳಿಗೂ ಹಬ್ಬುವುದು ಅದರ ಲಕ್ಷಣ. ಹೊರನೋಟಕ್ಕೆ ಏನೂ ಕಾಣದಿರುವುದರಿಂದ ಮನೆಯವರು ಇದನ್ನು ಮೈಗಳ್ಳತನವೆನ್ನುತ್ತಾರೆ. ಅಜ್ಜಿಯಂದಿರು ದೃಷ್ಟಿಯಾಗಿರಬೇಕೆಂದು ನೀವಾಳಿಸುತ್ತಾರೆ. ಔಷಧದಂಗಡಿಯವನು ಒಂದು ಬಾಟಲಿ ಟಾನಿಕ್ಕನ್ನು ಮುಂದಿಡುತ್ತಾನೆ. ರಕ್ತಪರೀಕ್ಷೆಯ ವರದಿಯನ್ನು ತಿರುವಿ ನೋಡಿದ ವೈದ್ಯರು “ಎಲ್ಲ ನಾರ್ಮಲ್ ಇದೆಯಮ್ಮಾ, ಟೆನ್ಷನ್ ಮಾಡ್ಕೋಬೇಡಿ” ಎಂದು ಹೇಳಿ ಮುಂದಿನವರನ್ನು ಕರೆಯುತ್ತಾರೆ.

ಹೀಗೆ ಹಲವು ಬಾಗಿಲುಗಳನ್ನು ತಟ್ಟಿ ಬಂದವರು ಕೊನೆಗೆ ಪ್ರಕೃತಿ ಚಿಕಿತ್ಸೆಯ ಆಶ್ರಯವನ್ನು ಅರಸುವುದು ನಮ್ಮ ನಾಡಿನಲ್ಲಿ ಅಪರೂಪದ ಸಂಗತಿಯಲ್ಲ. ಅಲ್ಲಿ ಅವರಿಗೆ ದೊರೆಯುವುದೇನು, ಅದರಲ್ಲಿ ಎಷ್ಟು ಭಾಗ ಪರೀಕ್ಷೆಗೆ ನಿಲ್ಲುತ್ತದೆ, ಎಷ್ಟು ಭಾಗ ಕೇವಲ ಶ್ರದ್ಧೆಯ ಬಲದಿಂದ ನಡೆದುಬಂದಿದೆ ಎಂಬುದನ್ನು ಸಾವಧಾನವಾಗಿ ನೋಡುವುದು ಈ ಲೇಖನದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಪದ್ಧತಿಯ ನೀರು, ಮಣ್ಣು, ಉಪವಾಸಗಳಿಗಿಂತಲೂ ಅದು ರೋಗಿಗೆ ಕಟ್ಟಿಕೊಡುವ ದಿನಚರಿಯೇ ಹೆಚ್ಚಿನ ಔಷಧ, ಆ ದಿನಚರಿಯ ತಿರುಳು ಮಿತಿ.

ಮಾಲ್ವರ್ನಿನ ಜಲೋಪಚಾರ

1849ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಇಂಗ್ಲೆಂಡಿನ ಮಾಲ್ವರ್ನ್ ಎಂಬ ಬೆಟ್ಟದ ತಪ್ಪಲಿನ ಊರಿಗೆ, ಹೆಂಡತಿಮಕ್ಕಳನ್ನೂ ಆಳುಕಾಳುಗಳನ್ನೂ ಕಟ್ಟಿಕೊಂಡು, ನಲವತ್ತು ವರ್ಷದ ಒಬ್ಬ ರೋಗಿ ಬಂದಿಳಿದನು. ವರ್ಷಗಳಿಂದ ವಾಂತಿ, ಎದೆಬಡಿತ, ಕೈಕಾಲುಗಳ ನಡುಕ, ಇವೆಲ್ಲಕ್ಕೂ ಮಿಗಿಲಾಗಿ ಅರ್ಧ ತಾಸು ಅತಿಥಿಗಳೊಡನೆ ಮಾತಾಡಿದರೂ ಕುಸಿಯುವಂತಹ ಬಳಲಿಕೆ ಆತನನ್ನು ಕಾಡುತ್ತಿದ್ದಿತು. ಹಿಂದಿನ ನವೆಂಬರಿನಲ್ಲಿ ತಂದೆ ತೀರಿಕೊಂಡಾಗ ಅಂತ್ಯಕ್ರಿಯೆಯ ಹೊತ್ತಿಗೆ ಹೋಗಿ ಸೇರಲೂ ಆತನಿಂದ ಆಗಿರಲಿಲ್ಲ. ಆ ರೋಗಿ ಚಾರ್ಲ್ಸ್ ಡಾರ್ವಿನ್. ಆತನನ್ನು ತನ್ನ ಆರೈಕೆಗೆ ತೆಗೆದುಕೊಂಡವನು ಜೇಮ್ಸ್ ಗಲ್ಲಿ ಎಂಬ ಜಲಚಿಕಿತ್ಸಕ.

ಗಲ್ಲಿಯ ಕ್ರಮ ಬಹಳ ಬಿಗಿಯಾದುದು. ಬೆಳಗ್ಗೆ ಏಳು ಗಂಟೆಗೆ ಮುಂಚೆಯೇ ಎಬ್ಬಿಸಿ, ತಣ್ಣೀರಿನಲ್ಲಿ ಅದ್ದಿದ ಒರಟು ಬಟ್ಟೆಯಿಂದ ಮೈ ಕೆಂಪಾಗುವವರೆಗೆ ಉಜ್ಜುವುದು, ನೀರು ಕುಡಿಸಿ ನಡೆದಾಡಲು ಕಳುಹಿಸುವುದು, ಹಗಲೆಲ್ಲ ಹೊಟ್ಟೆಯ ಮೇಲೆ ಒದ್ದೆಪಟ್ಟಿ, ತಣ್ಣೀರಿನಲ್ಲಿ ಪಾದಸ್ನಾನ, ಕೆಲವೊಮ್ಮೆ ದೀಪದ ಕಾವಿನಿಂದ ಬೆವರಿಳಿಸಿ ಮರುಕ್ಷಣ ತಣ್ಣೀರಿನಿಂದ ತಿಕ್ಕುವುದು. ಸಕ್ಕರೆ, ಬೆಣ್ಣೆ, ಸಂಬಾರ, ಚಹಾ ಎಲ್ಲಕ್ಕೂ ನಿಷೇಧ. ಕೆಲವೇ ವಾರಗಳಲ್ಲಿ ಡಾರ್ವಿನ್ ಮೈಲಿಗಟ್ಟಲೆ ನಡೆಯಬಲ್ಲವನಾದನು, ವಾಂತಿ ನಿಂತಿತು, ಮೈ ತುಂಬಿಕೊಂಡಿತು. ಜೂನಿನಲ್ಲಿ ಊರಿಗೆ ಮರಳಿದವನು ತನ್ನ ತೋಟದಲ್ಲಿಯೇ ಒಂದು ಗುಡಿಸಲು ಕಟ್ಟಿಸಿ, ಮೇಲೆ ತೊಟ್ಟಿಯನ್ನಿರಿಸಿ, ಚಳಿಗಾಲದಲ್ಲಿಯೂ ತಣ್ಣೀರ ಧಾರೆಗೆ ಮೈಯೊಡ್ಡಿದನು.

ಕಥೆ ಇಲ್ಲಿಗೇ ಮುಗಿದಿದ್ದರೆ ಜಲಚಿಕಿತ್ಸೆಯ ವಿಜಯಗಾಥೆಯಾಗುತ್ತಿದ್ದಿತು. ಆದರೆ ರೋಗ ಮರಳಿತು. 1851ರಲ್ಲಿ ಡಾರ್ವಿನ್ ತನ್ನ ಹತ್ತು ವರ್ಷದ ಮುದ್ದಿನ ಮಗಳು ಆ್ಯನಿಯನ್ನು ಅದೇ ಮಾಲ್ವರ್ನಿಗೆ, ಅದೇ ಗಲ್ಲಿಯ ಕೈಗೆ ಒಪ್ಪಿಸಿದನು. ಅವಳು ಅಲ್ಲಿಯೇ ತೀರಿಕೊಂಡಳು. ಇಷ್ಟಾದರೂ ಆತನು ನೀರನ್ನು ಪೂರ್ಣವಾಗಿ ಕೈಬಿಡಲಿಲ್ಲವೆಂಬುದು ಗಮನಾರ್ಹ: 1859ರ ನವೆಂಬರಿನಲ್ಲಿ ಜೀವಜಾತಿಗಳ ಉಗಮವನ್ನು ಕುರಿತ ಆ ಮಹಾಗ್ರಂಥ ಹೊರಬಿದ್ದಾಗ ಗ್ರಂಥಕರ್ತನಿದ್ದದ್ದು ಇಲ್ಕ್ಲಿ ಎಂಬ ಊರಿನ ಇನ್ನೊಂದು ಜಲಚಿಕಿತ್ಸಾಲಯದಲ್ಲಿ. ಆತನ ಕಾಯಿಲೆ ಏನೆಂಬುದು ಇಂದಿಗೂ ವಿವಾದದ ವಿಷಯವೇ.

ಈ ವೃತ್ತಾಂತದಲ್ಲಿ ಸುಲಭವಾಗಿ ಕಣ್ತಪ್ಪಿಹೋಗುವ ಒಂದು ವಿವರವಿದೆ. ಮಾಲ್ವರ್ನಿನಿಂದ ಮನೆಗೆ ಬಂದ ಮೇಲೆಯೂ ಗಲ್ಲಿ ಆತನಿಗೆ ದಿನಕ್ಕೆ ಎರಡೂವರೆ ತಾಸಿಗಿಂತ ಹೆಚ್ಚು ಕೆಲಸಕ್ಕೆ ಅನುಮತಿ ಕೊಡಲಿಲ್ಲ. ಒದ್ದೆಪಟ್ಟಿಯೂ ತಣ್ಣೀರ ಧಾರೆಯೂ ಬಂದುವು, ಹೋದುವು. ಆದರೆ ಗಡಿಯಾರಕ್ಕೆ ಕಟ್ಟಿದ ದಿನ, ಕೆಲಸದ ಕಿರಿದಾದ ಕಟ್ಟುಗಳು, ಅವುಗಳ ನಡುವೆ ತೋಟದ ಮರಳುದಾರಿಯಲ್ಲಿ ನಡಿಗೆ, ಮಧ್ಯಾಹ್ನದ ವಿಶ್ರಾಂತಿ, ಇವು ಡಾರ್ವಿನ್ನನ ಬಾಳಿನ ಕೊನೆಯವರೆಗೂ ಉಳಿದವು. ಇಷ್ಟು ದುರ್ಬಲನಾದ ಮನುಷ್ಯನು ಅಷ್ಟು ಗ್ರಂಥಗಳನ್ನು ಹೇಗೆ ಬರೆದನೆಂದು ಆಶ್ಚರ್ಯಪಡುವವರು ಉತ್ತರವನ್ನು ಈ ಮಿತಿಯಲ್ಲಿಯೇ ಹುಡುಕಬೇಕೆಂದು ನನಗೆ ತೋರುತ್ತದೆ.

ಬವೇರಿಯದಿಂದ ನಂದಿಬೆಟ್ಟಕ್ಕೆ

ಗಲ್ಲಿಗೆ ಈ ವಿದ್ಯೆ ಬಂದದ್ದು ಸೈಲೀಸಿಯದ ಗ್ರೇಫೆನ್‌ಬರ್ಗಿನ ವಿನ್ಸೆಂಟ್ಸ್ ಪ್ರೀಸ್‌ನಿಟ್ಸ್ ಎಂಬ ರೈತನ ಮಗನಿಂದ. ಗಾಡಿಗೆ ಸಿಕ್ಕಿ ಪಕ್ಕೆಲುಬು ಮುರಿದುಕೊಂಡ ಈತನು ಒದ್ದೆಪಟ್ಟಿ ಕಟ್ಟಿಕೊಂಡೇ ವಾಸಿಮಾಡಿಕೊಂಡು, ಮುಂದೆ ಯುರೋಪಿನ ರಾಜಮನೆತನದವರೂ ಹುಡುಕಿಕೊಂಡು ಬರುವಷ್ಟು ಪ್ರಸಿದ್ಧನಾದನು. ಡಾರ್ವಿನ್ ಮಾಲ್ವರ್ನಿಗೆ ಹೋದ ಅದೇ 1849ರಲ್ಲಿ ಬವೇರಿಯದ ಒಬ್ಬ ನೇಕಾರನ ಮಗ, ಪಾದ್ರಿಯಾಗಲು ಓದುತ್ತಿದ್ದ ಕ್ಷಯರೋಗಿ ಸೆಬಾಸ್ಟಿಯನ್ ಕ್ನೈಪ್, ಜಲಚಿಕಿತ್ಸೆಯ ಹಳೆಯ ಪುಸ್ತಕವೊಂದನ್ನು ಓದಿ, ಚಳಿಗಾಲದ ಡ್ಯಾನ್ಯೂಬ್ ನದಿಗೆ ಇಳಿದು ಮುಳುಗೆದ್ದು ಬಂದನು. ಬದುಕಿ ಉಳಿದ ಆತನು ವೋರಿಷೋಫೆನ್ನಿನ ಪಾದ್ರಿಯಾಗಿ, 1886ರಲ್ಲಿ ತನ್ನ ಜಲೋಪಚಾರವನ್ನು ಕುರಿತು ಬರೆದ ಪುಸ್ತಕ ಮನೆಮಾತಾಯಿತು. ಆತನ ಪದ್ಧತಿಗೆ ಇಂದು ಹೇಳುವ ಐದು ಆಧಾರಗಳಲ್ಲಿ ನೀರು, ಮೂಲಿಕೆ, ಚಲನೆ, ಆಹಾರ ಇವು ನಾಲ್ಕು; ಐದನೆಯದು ಜೀವನದ ಕ್ರಮಬದ್ಧತೆ. ಕ್ನೈಪನ ಹೆಸರಿನಲ್ಲಿ ಜನ ನೆನೆಯುವುದು ನೀರನ್ನು, ಮುಂಜಾನೆ ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆಯುವುದನ್ನು. ಮರೆಯುವುದು ಆ ಐದನೆಯದನ್ನು.

ಲೈಪ್‌ಸಿಗ್ಗಿನ ಲೂಯಿ ಕೂನೆ, ಹಾರ್ಟ್ಸ್ ಬೆಟ್ಟಗಳಲ್ಲಿ ಆಶ್ರಮವೊಂದನ್ನು ಕಟ್ಟಿದ ಅಡಾಲ್ಫ್ ಯುಸ್ಟ್, ಇವರ ಗ್ರಂಥಗಳು ಭಾರತಕ್ಕೆ ಬಂದ ಮೇಲೆ ಈ ಪರಂಪರೆಗೆ ಇಲ್ಲಿ ದೊರೆತ ಅತಿದೊಡ್ಡ ಪ್ರಯೋಗಶೀಲನೆಂದರೆ ಮಹಾತ್ಮ ಗಾಂಧಿ. ದಕ್ಷಿಣ ಆಫ್ರಿಕದಲ್ಲಿ ಮಲಬದ್ಧತೆ, ತಲೆನೋವುಗಳಿಂದ ಬೇಸತ್ತಿದ್ದ ಅವರು ಯುಸ್ಟನ ಪುಸ್ತಕವನ್ನೋದಿ, ಶುದ್ಧವಾದ ಮಣ್ಣನ್ನು ತಣ್ಣೀರಿನಲ್ಲಿ ನೆನೆಸಿ ಬಟ್ಟೆಯಲ್ಲಿ ಹರಡಿ ರಾತ್ರಿ ಕಿಬ್ಬೊಟ್ಟೆಯ ಮೇಲಿಟ್ಟುಕೊಂಡು ಮಲಗಿದುದನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆದರೆ ದಣಿವಿನ ದೃಷ್ಟಿಯಿಂದ ನಮಗೆ ಹತ್ತಿರವಾದ ಪ್ರಸಂಗ ಇನ್ನೊಂದು. 1927ರ ಮಾರ್ಚ್ ಕೊನೆಯಲ್ಲಿ, ಎಡೆಬಿಡದ ಖಾದಿ ಪ್ರವಾಸದ ನಡುವೆ ಗಾಂಧೀಜಿ ಕುಸಿದರು. ಅತಿಶ್ರಮವೂ ರಕ್ತದೊತ್ತಡವೂ ಕಾರಣವೆಂದು ವೈದ್ಯರು ನಿರ್ಣಯಿಸಿ ಪ್ರವಾಸವನ್ನು ನಿಲ್ಲಿಸಿದರು. ಏಪ್ರಿಲಿನಲ್ಲಿ ಅವರನ್ನು ಕರೆತಂದದ್ದು ನಮ್ಮ ನಂದಿಬೆಟ್ಟಕ್ಕೆ, ಅಲ್ಲಿಂದ ಬೆಂಗಳೂರಿಗೆ. ಬೆಟ್ಟದ ತಂಪು, ಸಭೆಗಳಿಲ್ಲದ ಹಗಲು, ಅಳೆದು ಮಾಡುವ ಕೆಲಸ, ಇವೇ ಅಲ್ಲಿಯ ಚಿಕಿತ್ಸೆಯ ಬಹುಭಾಗ. 1936ರಲ್ಲಿಯೂ ವಿಶ್ರಾಂತಿಗಾಗಿ ಅವರು ಅಲ್ಲಿಗೇ ಮರಳಿದರು. ಮುಂದೆ 1946ರ ಮಾರ್ಚಿನಲ್ಲಿ ಪುಣೆಯ ಬಳಿಯ ಉರುಳಿಕಾಂಚನದಲ್ಲಿ ಅವರು ಪ್ರಾರಂಭಿಸಿದ ನಿಸರ್ಗೋಪಚಾರ ಕೇಂದ್ರದ ಹಿಂದಿದ್ದ ವಿಚಾರವೆಂದರೆ, ಈ ಚಿಕಿತ್ಸೆ ಸಿರಿವಂತರ ವಿಹಾರಧಾಮಗಳಿಗೆ ಮೀಸಲಾಗದೆ ಹಳ್ಳಿಯ ಬಡವನಿಗೆ ದೊರೆಯಬೇಕೆಂಬುದು.

ಆ ಬಳಿಕ ಕರ್ನಾಟಕ ಈ ವಿದ್ಯೆಯ ಒಂದು ಮುಖ್ಯ ನೆಲೆಯಾಯಿತೆಂದು ಹೇಳಿದರೆ ಅತಿಶಯೋಕ್ತಿಯಲ್ಲ. 1979ರಲ್ಲಿ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಜಿಂದಾಲ್ ಪ್ರಕೃತಿ ಚಿಕಿತ್ಸಾ ಸಂಸ್ಥೆ, 1989ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸಾ ಮತ್ತು ಯೋಗ ವಿಜ್ಞಾನ ಕಾಲೇಜು ಪ್ರಾರಂಭವಾದುವು. ಇಂದು ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಬಿ.ಎನ್.ವೈ.ಎಸ್. ಪದವಿಗಾಗಿ ಓದುವವರು ಶರೀರರಚನೆ, ಶರೀರಕ್ರಿಯೆ, ರೋಗನಿದಾನ ಇವನ್ನೆಲ್ಲ ಒಳಗೊಂಡು ಐದೂವರೆ ವರ್ಷ ವ್ಯಾಸಂಗ ಮಾಡುತ್ತಾರೆ. ಆದ್ದರಿಂದ ತರಬೇತಿ ಪಡೆದ ಪ್ರಕೃತಿ ವೈದ್ಯನನ್ನೂ, ಸಂತೆಯಲ್ಲಿ ಪುಡಿ ಮಾರುವವನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವುದು ಅನ್ಯಾಯ.

ಚಿಕಿತ್ಸಾಲಯದ ಒಂದು ದಿನ

ಬಳಲಿಕೆಯನ್ನು ಪ್ರಕೃತಿ ಚಿಕಿತ್ಸೆ ನೋಡುವ ಬಗೆ ಹೀಗೆ. ದೇಹದಲ್ಲಿ ತನ್ನನ್ನು ತಾನು ಸರಿಪಡಿಸಿಕೊಳ್ಳುವ ಜೀವಶಕ್ತಿಯೊಂದುಂಟು. ಅತಿಭೋಜನ, ಜಾಗರಣೆ, ಉದ್ವೇಗ, ಸೂರ್ಯನನ್ನೇ ಕಾಣದ ಜೀವನ ಇವುಗಳಿಂದ ಆ ಶಕ್ತಿ ವ್ಯಯವಾಗಿ, ವಿಜಾತೀಯ ದ್ರವ್ಯಗಳು ಒಳಗೆ ಸಂಚಯವಾಗುತ್ತವೆ. ಬಳಲಿಕೆಯೆಂಬುದು ದುಡಿಮೆಯನ್ನು ನಿಲ್ಲಿಸೆಂದು ದೇಹ ಮಾಡುವ ಆಜ್ಞೆ. ಆದಕಾರಣ ಅದನ್ನು ಕಾಫಿಯಿಂದಲೋ ಟಾನಿಕ್ಕಿನಿಂದಲೋ ಹೊಡೆದಟ್ಟುವುದು ತಪ್ಪು. ಸಂಚಯವಾದುದನ್ನು ಹೊರಹಾಕಿ, ವ್ಯಯವನ್ನು ತಡೆದು, ದೇಹಕ್ಕೆ ಅವಕಾಶ ಕೊಡುವುದೇ ಚಿಕಿತ್ಸೆ.

ಅದಕ್ಕೆ ತಕ್ಕಂತೆ ಅಲ್ಲಿಯ ದಿನ ಬೆಳಕು ಹರಿಯುವ ಮೊದಲೇ ಆರಂಭವಾಗುತ್ತದೆ. ಜಲನೇತಿ, ಆಸನ, ಪ್ರಾಣಾಯಾಮ, ನಿಂಬೆರಸದ ನೀರು, ಹೊಟ್ಟೆಗೂ ಕಣ್ಣಿಗೂ ಮಣ್ಣುಪಟ್ಟಿ, ತೊಟ್ಟಿಯಲ್ಲಿ ಸೊಂಟದವರೆಗೆ ಕುಳಿತು ಮಾಡುವ ಕಟಿಸ್ನಾನ, ಬೆನ್ನುಹುರಿಗಷ್ಟೇ ನೀರು ತಾಗುವಂತೆ ಮಲಗಿ ಮಾಡುವ ಸ್ನಾನ, ಮಾಲೀಸು, ಹಬೆಸ್ನಾನ, ಕೆಲವರಿಗೆ ಎನಿಮಾ, ಕೆಲವರಿಗೆ ಹಣ್ಣಿನ ರಸದ ಮೇಲೆ ಉಪವಾಸ, ಬೆಳಗಿನ ಊಟ ಬೇಗ, ಸಂಜೆಯ ಊಟ ಕತ್ತಲಾಗುವ ಮುನ್ನ, ರಾತ್ರಿ ಬಿಸಿನೀರಿನಲ್ಲಿ ಪಾದಗಳನ್ನಿಟ್ಟು ಕುಳಿತು, ಒಂಬತ್ತು ಗಂಟೆಗೆಲ್ಲ ದೀಪ ಆರಿಸುವುದು. ಇಷ್ಟಕ್ಕೂ ಮೊದಲು ವೈದ್ಯರು ಕೇಳುವ ಪ್ರಶ್ನೆಗಳೂ ಬೇರೆ ಬಗೆಯವು: ಎಷ್ಟು ಗಂಟೆಗೆ ಏಳುವಿರಿ, ಹಸಿವಾಗಿ ಉಣ್ಣುವಿರೋ ಹೊತ್ತಾಯಿತೆಂದು ಉಣ್ಣುವಿರೋ, ಮಲಪ್ರವೃತ್ತಿ ಹೇಗಿದೆ, ಹಾಸಿಗೆಯಲ್ಲಿ ಎಷ್ಟು ಹೊತ್ತು ಮೊಬೈಲ್ ನೋಡುವಿರಿ, ಬಿಸಿಲಿಗೆ ಯಾವಾಗ ಹೋಗಿದ್ದಿರಿ. ಐದು ನಿಮಿಷದಲ್ಲಿ ಚೀಟಿ ಬರೆದುಕೊಡುವ ಆಸ್ಪತ್ರೆಯಿಂದ ಬಂದವರಿಗೆ ತಮ್ಮ ಬಾಳನ್ನು ಒಬ್ಬರು ಇಷ್ಟು ಕೂಲಂಕಷವಾಗಿ ವಿಚಾರಿಸುವುದೇ ಅರ್ಧ ಉಪಶಮನವಾದರೆ ಆಶ್ಚರ್ಯವಿಲ್ಲ.

ಈ ಕ್ರಮದ ಕೆಲವು ಅಂಗಗಳಿಗೆ ಆಧುನಿಕ ಶರೀರವಿಜ್ಞಾನವೂ ಸಾಕ್ಷಿ ನುಡಿಯುತ್ತದೆ. ಮಲಗುವ ಮುನ್ನ ಪಾದಗಳನ್ನು ಬೆಚ್ಚಗಾಗಿಸಿದರೆ ಅಲ್ಲಿಯ ರಕ್ತನಾಳಗಳು ಹಿಗ್ಗಿ, ಒಡಲೊಳಗಿನ ಶಾಖ ಹೊರಹರಿದು, ನಿದ್ರೆ ಬೇಗ ಹತ್ತುವುದೆಂಬುದನ್ನು ಪ್ರಯೋಗಗಳು ತೋರಿಸಿವೆ. ಮುಂಜಾನೆಯ ಬೆಳಕು ಕಣ್ಣಿನ ಮೂಲಕ ಮಿದುಳಿನ ಜೈವಿಕ ಗಡಿಯಾರವನ್ನು ತಿದ್ದಿ, ರಾತ್ರಿ ಸಕಾಲದಲ್ಲಿ ನಿದ್ರೆ ಬರುವಂತೆ ಅಣಿಮಾಡುತ್ತದೆ. ಕಾಫಿಯನ್ನು ನಿಷೇಧಿಸುವುದರಲ್ಲಿಯೂ ಅರ್ಥವಿದೆ: ಕೆಫೀನು ದಣಿವನ್ನು ಕಳೆಯುವುದಿಲ್ಲ, ದಣಿವಿನ ಸಂದೇಶವನ್ನು ಒಯ್ಯುವ ಅಡಿನೊಸಿನ್ ಎಂಬ ದ್ರವ್ಯ ಮಿದುಳಿಗೆ ತಾಗದಂತೆ ಅಡ್ಡ ನಿಲ್ಲುತ್ತದೆ, ಅಷ್ಟೆ; ಕುಡಿದುದರಲ್ಲಿ ಅರ್ಧದಷ್ಟು ಐದು ತಾಸುಗಳ ಮೇಲೂ ರಕ್ತದಲ್ಲಿ ಉಳಿದಿರುವುದರಿಂದ, ಸಂಜೆ ಐದರ ಫಿಲ್ಟರ್ ಕಾಫಿ ರಾತ್ರಿ ಹತ್ತಕ್ಕೂ ಎಚ್ಚರವಾಗಿಯೇ ಇರುತ್ತದೆ.

ಯೋಗದ ವಿಷಯದಲ್ಲಿಯೂ ಚಿಕ್ಕದಾದರೂ ಉಲ್ಲೇಖನೀಯವಾದ ಒಂದು ಪ್ರಯೋಗವುಂಟು. ಜಪಾನಿನ ತಕಾಕಾಜು ಓಕಾ ಮತ್ತು ಸಂಗಡಿಗರು ದೀರ್ಘಕಾಲಿಕ ಬಳಲಿಕೆಯ ರೋಗದಿಂದ ನರಳುತ್ತಿದ್ದ, ಸಾಮಾನ್ಯ ಚಿಕಿತ್ಸೆಯಿಂದ ಗುಣಕಾಣದ 30 ಮಂದಿಯನ್ನು ಎರಡು ಗುಂಪುಮಾಡಿ, ಒಂದು ಗುಂಪಿಗೆ ಮಾತ್ರ ಕುರ್ಚಿಯ ಮೇಲೆ ಕುಳಿತೇ ಮಾಡಬಹುದಾದ ಮೃದುವಾದ ಯೋಗವನ್ನು ಸುಮಾರು ಎರಡು ತಿಂಗಳು ಕಲಿಸಿದರು. 2014ರಲ್ಲಿ ಪ್ರಕಟವಾದ ವರದಿಯಂತೆ ಆ ಗುಂಪಿನವರ ಬಳಲಿಕೆ ಗಣನೀಯವಾಗಿ ತಗ್ಗಿತು. ಮೂವತ್ತು ಮಂದಿಯ ಮೇಲೆ ಸಿದ್ಧಾಂತ ಕಟ್ಟಲಾಗದು, ನಿಜ. ಆದರೂ ಅವರು ಆರಿಸಿಕೊಂಡದ್ದು ಬೆವರಿಳಿಸುವ ಸೂರ್ಯನಮಸ್ಕಾರವನ್ನಲ್ಲ, ಕುಳಿತು ಮಾಡುವ ಅಭ್ಯಾಸವನ್ನು ಎಂಬುದರಲ್ಲಿ ಒಂದು ವಿವೇಕವಿದೆ.

ಆಹಾರದಲ್ಲಿ ನಮ್ಮ ಪೂರ್ವಿಕರೂ ಇದೇ ಜಾಡಿನಲ್ಲಿ ಯೋಚಿಸಿದ್ದರು. ಚರಕಸಂಹಿತೆಯ ಸೂತ್ರಸ್ಥಾನ ಶ್ರಮವನ್ನು ಹರಿಸುವ ಹತ್ತು ದ್ರವ್ಯಗಳನ್ನು ಎಣಿಸುತ್ತದೆ. ದ್ರಾಕ್ಷಿ, ಖರ್ಜೂರ, ದಾಳಿಂಬೆ, ಬೋರೆಹಣ್ಣು, ಅಂಜೂರದ ಜಾತಿಯ ಹಣ್ಣು, ಕಬ್ಬು, ಜವೆಗೋಧಿ, ಅರವತ್ತು ದಿನದಲ್ಲಿ ಬೆಳೆಯುವ ಷಷ್ಟಿಕದ ಅಕ್ಕಿ ಮುಂತಾಗಿ ಅವೆಲ್ಲ ಬಹುಮಟ್ಟಿಗೆ ತಟ್ಟೆಗೆ ಬರುವ ಪದಾರ್ಥಗಳೇ. ದಣಿದವನಿಗೆ ಮೊದಲು ಅನ್ನವನ್ನು ವಿಚಾರಿಸಬೇಕೆಂಬ ಈ ಬುದ್ಧಿ ಇಂದಿಗೂ ಹಳತಾಗಿಲ್ಲ. ಮೊಳಕೆ ಕಟ್ಟಿದ ರಾಗಿಯಲ್ಲಿ ಕಬ್ಬಿಣವನ್ನು ಬಂಧಿಸಿಡುವ ಫೈಟೇಟಿನ ಅಂಶ ತಗ್ಗುವುದು. ಸೊಪ್ಪಿನ ಬಸ್ಸಾರಿಗೆ ನಿಂಬೆರಸ ಹಿಂಡಿದರೆ, ಊಟಕ್ಕೆ ನೆಲ್ಲಿಕಾಯಿ ಜೊತೆಯಾದರೆ, ಸಸ್ಯಾಹಾರದ ಕಬ್ಬಿಣ ಹೆಚ್ಚಾಗಿ ಮೈಗೂಡುವುದು. ಊಟದ ಬೆನ್ನಿಗೇ ಕುಡಿವ ಚಹಾ ಕಾಫಿಗಳು ಅದನ್ನು ತಡೆಯುವುವು.

ನಿದಾನ ಮೊದಲು

ಇಷ್ಟು ಹೇಳಿದ ಮೇಲೆ ಎದುರುಪಕ್ಷವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ವಿಜಾತೀಯ ದ್ರವ್ಯವೆಂಬುದು ಹತ್ತೊಂಬತ್ತನೆಯ ಶತಮಾನದ ಊಹೆ. ಅದನ್ನು ಯಾವ ಪ್ರಯೋಗಶಾಲೆಯೂ ಅಳೆದು ತೋರಿಸಿಲ್ಲ, ಯಕೃತ್ತು ಮೂತ್ರಪಿಂಡಗಳು ನಿತ್ಯವೂ ಮಾಡುತ್ತಿರುವ ಶೋಧನೆಯನ್ನು ಎನಿಮಾ ಹೆಚ್ಚಿಸುತ್ತದೆಂದೂ ಸಿದ್ಧಪಟ್ಟಿಲ್ಲ. ಚಿಕಿತ್ಸಾಲಯಕ್ಕೆ ಸೇರಿದ ಎರಡನೆಯ ದಿನ ತಲೆ ಸಿಡಿಯತೊಡಗಿದಾಗ, ಅದು ವಿಷ ಹೊರಹೋಗುವ ಲಕ್ಷಣ, ಶುಭಸೂಚನೆ ಎಂದು ಹೇಳುವ ರೂಢಿಯುಂಟು. ಆದರೆ ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುತ್ತಿದ್ದವರು ಅದನ್ನು ಥಟ್ಟನೆ ಬಿಟ್ಟರೆ ಒಂದೆರಡು ದಿನಗಳಲ್ಲಿ ಬರುವ ತಲೆನೋವು ಕೆಫೀನು ತಪ್ಪಿದ್ದರ ಫಲವೆಂದು ಸರಳವಾಗಿ ಹೇಳಬಹುದಾಗಿದೆ. ರೋಗಲಕ್ಷಣ ಉಲ್ಬಣಿಸಿದುದನ್ನೆಲ್ಲ ಗುಣದ ಗುರುತೆಂದು ತಿಳಿಯುವ ಈ ಸಿದ್ಧಾಂತವೇ ಈ ಪದ್ಧತಿಯಲ್ಲಿ ಎಲ್ಲಕ್ಕಿಂತ ಅಪಾಯಕಾರಿಯಾದುದು. ಏಕೆಂದರೆ ಚಿಕಿತ್ಸೆ ತಪ್ಪುದಾರಿಯಲ್ಲಿದ್ದರೆ ಅದನ್ನು ತಿಳಿಯುವ ಮಾರ್ಗವನ್ನೇ ಅದು ಮುಚ್ಚಿಬಿಡುತ್ತದೆ.

ಬಿಡದ ಬಳಲಿಕೆಯ ಹಿಂದೆ ಅಡಗಿರಬಹುದಾದ ಕಾರಣಗಳು ಹಲವು: ರಕ್ತಹೀನತೆ, ಥೈರಾಯ್ಡಿನ ಮಾಂದ್ಯ, ಮಧುಮೇಹ, ಕ್ಷಯ, ಹೃದಯ ಯಕೃತ್ತು ಮೂತ್ರಪಿಂಡಗಳ ರೋಗ, ಗೊರಕೆಯ ನಡುವೆ ಉಸಿರು ಕಟ್ಟುವ ನಿದ್ರಾರೋಗ, ಖಿನ್ನತೆ, ರಕ್ತದೊತ್ತಡಕ್ಕೋ ಅಲರ್ಜಿಗೋ ತೆಗೆದುಕೊಳ್ಳುತ್ತಿರುವ ಮಾತ್ರೆಗಳು. ಇವುಗಳಲ್ಲಿ ರಕ್ತಹೀನತೆಯೊಂದೇ ನಮ್ಮಲ್ಲಿ ಎಷ್ಟು ವ್ಯಾಪಕವೆಂಬುದಕ್ಕೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿದರೆ ಸಾಕು: 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ದೇಶದಲ್ಲಿ ಶೇ 57, ಕರ್ನಾಟಕದಲ್ಲಿ ಶೇ 47.8 ಮಂದಿ ರಕ್ತಹೀನರು. ಇಂತಹವಳೊಬ್ಬಳನ್ನು ಹಣ್ಣಿನ ರಸದ ಮೇಲೆ ವಾರಗಟ್ಟಲೆ ಇರಿಸುವುದೆಂದರೆ ಇಲ್ಲದುದರಿಂದಲೇ ಇನ್ನಷ್ಟು ಕಳೆದಂತೆ.

ಹಿಮೊಗ್ಲೋಬಿನ್ ಸರಿಯಿದ್ದ ಮಾತ್ರಕ್ಕೆ ಕಬ್ಬಿಣ ಸಾಕಷ್ಟಿದೆಯೆಂದೂ ತಿಳಿಯಬಾರದು. 2012ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಅಧ್ಯಯನದಲ್ಲಿ, ರಕ್ತಹೀನತೆಯಿಲ್ಲದಿದ್ದರೂ ಫೆರಿಟಿನ್ ಎಂಬ ಕಬ್ಬಿಣದ ದಾಸ್ತಾನು ಕಡಿಮೆಯಿದ್ದು ಸದಾ ಬಳಲುತ್ತಿದ್ದ 198 ಸ್ತ್ರೀಯರಲ್ಲಿ ಅರ್ಧದಷ್ಟು ಮಂದಿಗೆ ಕಬ್ಬಿಣದ ಮಾತ್ರೆಯನ್ನೂ ಉಳಿದವರಿಗೆ ಹುಸಿಮಾತ್ರೆಯನ್ನೂ ಹನ್ನೆರಡು ವಾರ ಕೊಡಲಾಯಿತು. ಕಬ್ಬಿಣ ಸೇವಿಸಿದವರ ಬಳಲಿಕೆ ಸುಮಾರು ಶೇ 48ರಷ್ಟು ಇಳಿಯಿತು. ಹುಸಿಮಾತ್ರೆಯವರಲ್ಲಿಯೂ ಶೇ 29ರಷ್ಟು ಇಳಿಯಿತು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವವರಿಗೆ ಎರಡು ಪಾಠಗಳುಂಟು. ಮೊದಲನೆಯದು, “ಎಲ್ಲ ನಾರ್ಮಲ್” ಎಂಬ ಮಾತು ಸರಿಯಾದ ಪರೀಕ್ಷೆಯನ್ನು ಮಾಡಿದ ಮೇಲಷ್ಟೇ ಆಡತಕ್ಕದ್ದು. ಎರಡನೆಯದು, ಆರೈಕೆ, ನಿರೀಕ್ಷೆ, ಕಾಲಗತಿ ಇವುಗಳಿಂದಲೇ ಬಳಲಿಕೆಯ ಒಂದು ದೊಡ್ಡ ಪಾಲು ಇಳಿಯುವುದರಿಂದ, ಯಾವ ಪದ್ಧತಿಯೇ ಆಗಲಿ ತನ್ನಲ್ಲಿ ಗುಣವಾದವರ ಸಾಕ್ಷ್ಯವನ್ನಷ್ಟೇ ಮುಂದಿಟ್ಟು ಜಯಭೇರಿ ಬಾರಿಸಬಾರದು. ಸಸ್ಯಾಹಾರವನ್ನೇ ವಿಧಿಸುವ ಪ್ರಕೃತಿ ವೈದ್ಯರು ಇನ್ನೊಂದನ್ನೂ ನೆನಪಿಡಬೇಕು: ಬಿ12 ಜೀವಸತ್ವ ಸಸ್ಯಗಳಲ್ಲಿಲ್ಲ, ಹಾಲುಮೊಸರನ್ನೂ ಬಿಡಿಸಿದರೆ, ಮಾತ್ರೆಯ ಮೂಲಕವಾದರೂ ಅದನ್ನು ಒದಗಿಸುವುದು ಅನಿವಾರ್ಯ.

ಅಮೆರಿಕದ ಪ್ರಕೃತಿ ವೈದ್ಯರಲ್ಲಿ ಕಳೆದ ಮೂರು ದಶಕಗಳಿಂದ ಪ್ರಚಾರದಲ್ಲಿರುವ ‘ಅಡ್ರಿನಲ್ ಬಳಲಿಕೆ’ಯ ಕಲ್ಪನೆ ಈಗ ನಮ್ಮ ನಗರಗಳಿಗೂ ಕಾಲಿಟ್ಟಿದೆ: ಸದಾ ಉದ್ವೇಗದಿಂದ ಮೂತ್ರಪಿಂಡಗಳ ಮೇಲಿನ ಆ ಗ್ರಂಥಿಗಳು ಸೋತುಹೋಗುತ್ತವೆ, ಅವಕ್ಕೆ ಪುಷ್ಟಿ ಕೊಡುವ ಗುಳಿಗೆಗಳನ್ನು ಕೊಳ್ಳಿರಿ ಎಂಬುದು ಅದರ ಸಾರ. 2016ರಲ್ಲಿ 58 ಅಧ್ಯಯನಗಳನ್ನು ಪರಿಶೀಲಿಸಿದ ವಿದ್ವಾಂಸರು ಅಂತಹ ರೋಗಕ್ಕೆ ಆಧಾರವಿಲ್ಲವೆಂದು ತೀರ್ಮಾನಿಸಿದರು. 1855ರಲ್ಲಿ ಥಾಮಸ್ ಅಡಿಸನ್ ವರ್ಣಿಸಿದ ಅಡ್ರಿನಲ್ ರೋಗ ಮಾತ್ರ ನಿಜವಾದುದು, ವಿರಳವಾದುದು, ಪ್ರಾಣಾಂತಿಕವೂ ಆಗಬಹುದಾದುದು. ಗುಳಿಗೆಯ ವ್ಯಾಪಾರದಲ್ಲಿ ಅದು ಮರೆಯಾಗಿ ಹೋಗುವುದೇ ದೊಡ್ಡ ಅನರ್ಥ.

ಎರಡು ಅತಿಗಳ ನಡುವೆ

ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ ಉಳಿಯುವ ಒಂದು ಗುಂಪಿದೆ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಸಾಂಕ್ರಾಮಿಕದಂತೆ ಹಬ್ಬಿದ ವಿಚಿತ್ರ ಕಾಯಿಲೆಯಿಂದ ಮಯಾಲ್ಜಿಕ್ ಎನ್ಸೆಫಲೊಮಯೆಲೈಟಿಸ್ ಎಂಬ ಹೆಸರು ಹುಟ್ಟಿತು. 1988ರಲ್ಲಿ ಅಮೆರಿಕದಲ್ಲಿ ದೀರ್ಘಕಾಲಿಕ ಬಳಲಿಕೆಯ ಲಕ್ಷಣಕೂಟವೆಂಬ ಹೆಸರು ಬಂದಿತು. ಈಗ ಎರಡನ್ನೂ ಕೂಡಿಸಿ ಎಂ.ಇ./ಸಿ.ಎಫ್.ಎಸ್. ಎನ್ನುತ್ತಾರೆ. 2015ರಲ್ಲಿ ಅಮೆರಿಕದ ವೈದ್ಯಕೀಯ ಅಕಾಡೆಮಿ ನಿಗದಿಪಡಿಸಿದ ಲಕ್ಷಣಗಳಂತೆ, ಆರು ತಿಂಗಳಿಗೂ ಮೀರಿದ ಬಳಲಿಕೆ, ಚೇತರಿಕೆ ತಾರದ ನಿದ್ರೆ, ಇವುಗಳೊಡನೆ ಶ್ರಮಾನಂತರದ ಕುಸಿತವೂ ಇರಬೇಕು. ಜೊತೆಗೆ ಮರೆವು, ಮಂಕು ಅಥವಾ ಎದ್ದು ನಿಂತಾಗ ತಲೆಸುತ್ತು. ಇಂದು ಬಸವನಗುಡಿಯವರೆಗೆ ನಡೆದು ಬಂದುದರ ಸುಂಕವನ್ನು ದೇಹ ನಾಳೆಯೋ ನಾಡಿದ್ದೋ ವಸೂಲು ಮಾಡಿ, ದಿನಗಟ್ಟಲೆ ಮಲಗಿಸುವುದೇ ಆ ಕುಸಿತದ ವೈಶಿಷ್ಟ್ಯ. ಕೋವಿಡ್ ಬಂದುಹೋದ ಮೇಲೆ ಅನೇಕರಲ್ಲಿ ಉಳಿದ ಬಳಲಿಕೆಯೂ ಇದನ್ನೇ ಹೋಲುತ್ತದೆ.

ಇಂತಹವರ ವಿಷಯದಲ್ಲಿ ವೈದ್ಯಶಾಸ್ತ್ರ ಒಂದೂವರೆ ಶತಮಾನದಲ್ಲಿ ಎರಡು ಅತಿಗಳನ್ನು ಮುಟ್ಟಿಬಂದಿದೆ. 1869ರಲ್ಲಿ ನ್ಯೂಯಾರ್ಕಿನ ಜಾರ್ಜ್ ಬಿಯರ್ಡ್ ನರದೌರ್ಬಲ್ಯಕ್ಕೆ ‘ನ್ಯೂರಸ್ತೀನಿಯ’ವೆಂಬ ಹೆಸರನ್ನು ಪ್ರಚಾರಕ್ಕೆ ತಂದ ಮೇಲೆ, ಫಿಲಡೆಲ್ಫಿಯದ ವೀರ್ ಮಿಚೆಲ್ ಬಳಲಿದ ಸ್ತ್ರೀಯರನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಕಟ್ಟಿಹಾಕಿ, ಹಾಲುಬೆಣ್ಣೆಗಳನ್ನು ತುಂಬಿ, ಓದುಬರಹಗಳನ್ನೂ ನಿಷೇಧಿಸುತ್ತಿದ್ದನು. ಅದರ ಕ್ರೌರ್ಯವನ್ನು ಅನುಭವಿಸಿದ ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ ಹಳದಿ ಗೋಡೆಗಾಗದದ ಕಥೆ ಪ್ರಸಿದ್ಧವಾಗಿದೆ. ಇನ್ನೊಂದು ತುದಿ ನಮ್ಮ ಕಾಲದ್ದು: 2011ರಲ್ಲಿ ಬ್ರಿಟನ್ನಿನ 641 ರೋಗಿಗಳ ಮೇಲೆ ನಡೆದ ಪ್ರಯೋಗವೊಂದರ ಆಧಾರದಿಂದ, ದಿನದಿನಕ್ಕೆ ಏರಿಸುತ್ತಹೋಗುವ ವ್ಯಾಯಾಮವೇ ಮದ್ದೆಂದು ಸಾರಲಾಯಿತು. ವ್ಯಾಯಾಮದಿಂದ ತಾವು ಹಾಸಿಗೆ ಹಿಡಿದೆವೆಂದು ಸಾವಿರಾರು ರೋಗಿಗಳು ಮೊರೆಯಿಟ್ಟರು. ಪ್ರಯೋಗದ ವಿಧಾನವನ್ನು ವಿದ್ವಾಂಸರೂ ಪ್ರಶ್ನಿಸಿದರು. 2021ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ತನ್ನ ಮಾರ್ಗಸೂಚಿಯಿಂದ ಆ ಏರಿಕೆಯ ವ್ಯಾಯಾಮವನ್ನು ಕೈಬಿಟ್ಟು, ತನ್ನಲ್ಲಿರುವ ಶಕ್ತಿಯ ಎಲ್ಲೆಯನ್ನರಿತು ಅದರೊಳಗೇ ದಿನವನ್ನು ಹಂಚಿಕೊಳ್ಳುವ ಕ್ರಮವನ್ನು ಎತ್ತಿಹಿಡಿಯಿತು.

ಜಲಚಿಕಿತ್ಸಕನಾದ ಗಲ್ಲಿ ಡಾರ್ವಿನ್ನನಿಗೆ ವಿಧಿಸಿದ ಎರಡೂವರೆ ತಾಸಿನ ಮಿತಿಗೂ ಈ ನೂತನ ಮಾರ್ಗಸೂಚಿಗೂ ಇರುವ ಸಾಮ್ಯ ಗಮನಿಸತಕ್ಕದ್ದು. ನೀರಿನ ಕಾವು, ಮಣ್ಣಿನ ಗುಣ, ಜೀವಶಕ್ತಿಯ ಸ್ವರೂಪ ಇವುಗಳನ್ನು ಕುರಿತ ವಾದಗಳೆಲ್ಲ ಹಳತಾದರೂ, ದುರ್ಬಲ ದೇಹಕ್ಕೆ ಕೆಲಸವನ್ನೂ ವಿಶ್ರಾಂತಿಯನ್ನೂ ಅಳೆದು ಕೊಡಬೇಕೆಂಬ ಸೂತ್ರ ಮಾತ್ರ ಪರೀಕ್ಷೆಯನ್ನು ಗೆದ್ದು ನಿಂತಿದೆ. ಆದರೆ ಅದೇ ಸೂತ್ರವನ್ನು ಚಿಕಿತ್ಸೆಗೂ ಅನ್ವಯಿಸಬೇಕು. ಶ್ರಮಾನಂತರ ಕುಸಿಯುವ ರೋಗಿಯನ್ನು ನಸುಕಿಗೆ ಎಬ್ಬಿಸಿ ಆಸನ ಮಾಡಿಸಿ, ಹಬೆಪೆಟ್ಟಿಗೆಯಲ್ಲಿ ಕೂರಿಸಿ, ಉಪವಾಸ ಹಾಕಿದರೆ, ಆ ಉಪಚಾರವೇ ಅವನ ಶಕ್ತಿಯನ್ನು ಸೂರೆಮಾಡುತ್ತದೆ. ಎದ್ದು ನಿಂತರೆ ತಲೆತಿರುಗುವವರಿಗೆ ಹಬೆಸ್ನಾನ, ಸಕ್ಕರೆ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಗರ್ಭಿಣಿಯರಿಗೂ ಕೃಶರಿಗೂ ಉಪವಾಸ, ಇವು ವರ್ಜ್ಯವೆಂದೇ ತಿಳಿಯತಕ್ಕದ್ದು.

ಹತ್ತು ದಿನದ ಮೇಲೆ

ಚಿಕಿತ್ಸಾಲಯದಲ್ಲಿ ಹತ್ತು ದಿನವಿದ್ದು ಹಗುರವಾಗಿ ಮನೆಗೆ ಬಂದವರು, ತಿಂಗಳೊಳಗೆ ಮತ್ತೆ ಹಿಂದಿನಂತೆಯೇ ಆದರೆಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಪಥ್ಯ ತಪ್ಪಿಸಿದ್ದೇ ಕಾರಣವೆಂದು ವೈದ್ಯರೂ, ಚಿಕಿತ್ಸೆಯೇ ಹುಸಿಯೆಂದು ನೆಂಟರೂ ಹೇಳುತ್ತಾರೆ. ಮೂರನೆಯದೊಂದು ಕಾರಣವನ್ನು ಯಾರೂ ಎತ್ತುವುದಿಲ್ಲ. ರೋಗಿ ಮನೆಯ ಹೆಣ್ಣಾಗಿದ್ದರೆ, ಆ ಹತ್ತು ದಿನ ಅವಳಿಗಾಗಿ ಬೇರೊಬ್ಬರು ಅಡಿಗೆ ಮಾಡಿದ್ದರು. ಪಾತ್ರೆ ಬೆಳಗುವುದಾಗಲಿ, ಮಗುವಿನ ಡಬ್ಬಿ ಕಟ್ಟುವುದಾಗಲಿ, ಅತ್ತೆಯ ಮಾತ್ರೆಯ ಹೊತ್ತನ್ನು ನೆನಪಿಡುವುದಾಗಲಿ, ನಲ್ಲಿಯ ನೀರಿಗಾಗಿ ನಡುರಾತ್ರಿ ಏಳುವುದಾಗಲಿ ಇರಲಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಕಾಲಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ಅದಕ್ಕಾಗಿ ದಿನಕ್ಕೆ 299 ನಿಮಿಷ ಸವೆಸಿದರೆ, ತೊಡಗಿದ ಪುರುಷರು ಸವೆಸಿದ್ದು 97 ನಿಮಿಷ. ಡಾರ್ವಿನ್ ತನ್ನ ಎರಡೂವರೆ ತಾಸಿನ ದಿನಚರಿಯನ್ನು ಕಾಪಾಡಿಕೊಳ್ಳಬಲ್ಲವನಾದದ್ದೂ ಎಮ್ಮಾಳಂತಹ ಹೆಂಡತಿ, ಪಿತ್ರಾರ್ಜಿತ, ಆಳುಕಾಳುಗಳು ಇದ್ದುದರಿಂದ.

ಆದ್ದರಿಂದ ಬಿಡದ ಬಳಲಿಕೆಯಿಂದ ನರಳುವವರ ಮನೆಯವರಿಗೆ ಹೇಳಬೇಕಾದುದು ಇಷ್ಟು. ಮೊದಲು ಸರಿಯಾದ ವೈದ್ಯರಲ್ಲಿ ಕಾರಣವನ್ನು ಹುಡುಕಿಸಿರಿ. ಹಿಮೊಗ್ಲೋಬಿನ್, ಫೆರಿಟಿನ್, ಬಿ12, ಥೈರಾಯ್ಡ್, ಸಕ್ಕರೆ ಇವನ್ನು ನೋಡಿಸದೆ ಉಪವಾಸಕ್ಕೆ ಇಳಿಯಬೇಡಿರಿ. ತೂಕ ಇಳಿಯುತ್ತಿದ್ದರೆ, ಜ್ವರವೋ ಬಿಡದ ಕೆಮ್ಮೋ ಉಸಿರುಕಟ್ಟುವುದೋ ಜೊತೆಗಿದ್ದರೆ, ಒಂದು ದಿನವನ್ನೂ ಕಳೆಯಬೇಡಿರಿ. ಆಮೇಲೆ ಪ್ರಕೃತಿ ಚಿಕಿತ್ಸೆಯಿಂದ ಅದರ ಉತ್ತಮಾಂಶವನ್ನು ತೆಗೆದುಕೊಳ್ಳಿರಿ: ನಿಯತವಾದ ನಿದ್ರೆ, ಮುಂಜಾನೆಯ ಬೆಳಕು, ಸಂಜೆಗೆ ಕಾಫಿಯಿಲ್ಲದ ಬಾಳು, ಹೊತ್ತಿಗೆ ಸರಿಯಾದ ಹಗುರವಾದ ಊಟ, ಮಲಗುವ ಮುನ್ನ ಬೆಚ್ಚಗಿನ ಪಾದಸ್ನಾನ, ಶಕ್ತಿಯಿದ್ದಷ್ಟೇ ಯೋಗ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಖರ್ಚಿರುವುದು ಇನ್ನೊಂದರಲ್ಲಿ: ಅವಳು ವಿಶ್ರಮಿಸುವ ಎರಡು ತಾಸಿನ ಕೆಲಸವನ್ನು ಮನೆಯ ಉಳಿದವರು ಹಂಚಿಕೊಳ್ಳಬೇಕು, ಹತ್ತು ದಿನದ ಮಟ್ಟಿಗಲ್ಲ, ನಿತ್ಯವೂ. ಅದನ್ನು ವೈದ್ಯರು ಚೀಟಿಯಲ್ಲಿ ಬರೆದುಕೊಡುವುದಿಲ್ಲ. ಬರೆದುಕೊಡುವುದೇ ಉಚಿತವೆಂದು ನನಗನ್ನಿಸುತ್ತದೆ, ಅದೂ ರೋಗಿಯ ಕೈಗಲ್ಲ, ಅವಳನ್ನು ಕರೆದುಕೊಂಡು ಬಂದವರ ಕೈಗೆ.